ಡ್ರಮ್ಮಿನ ಪೂರ್ವಾಶ್ರಮ ತಿಳಿಯದೆ ಬೆಂಕಿ ಹಚ್ಚಬೇಡಿ

ಪ್ರಶ್ನೆ: ಚಿಂತಾಮಣಿ ಹತ್ತಿರ ನಮ್ಮದೊಂದು ಮಾವಿನ ತೋಟವಿದೆ. ಅಲ್ಲಿ ಕೋಳಿ, ಕುರಿ ಮಾಂಸವನ್ನು ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ಸ್ಮೋಕರ್ ಮಾಡಿಸಬೇಕೆಂದಿದ್ದೇನೆ. ಗುಜರಿ ಅಂಗಡಿಯಲ್ಲಿ ಮೂರು ವಸ್ತು ನೋಡಿಟ್ಟಿದ್ದೇನೆ. ಒಂದು, 200 ಲೀಟರಿನ ಮುಚ್ಚಿದ ಡ್ರಮ್. ಮೇಲೆ ಎರಡು ಬಿರಡೆ, ಒಳಗೆ ಥಿನ್ನರಿನಂಥ ವಾಸನೆ. ಎರಡು, ಹಳೆಯ ಕಮರ್ಷಿಯಲ್ ಗ್ಯಾಸ್ ಸಿಲಿಂಡರ್. ಮೂರು, ಪಂಕ್ಚರ್ ಅಂಗಡಿಯ ಏರ್ ಕಂಪ್ರೆಸರ್ ಟ್ಯಾಂಕು. "ಸೋಪಿನ ನೀರು ಹಾಕಿ ಕುಲುಕಿ ತೊಳೆದು, ಒಂದು ಸಲ ಒಳಗೆ ಬೆಂಕಿ ಹಾಕಿದರೆ ಎಲ್ಲಾ ಸುಟ್ಟು ಹೋಗುತ್ತೆ" ಅನ್ನುತ್ತಾರೆ ವೆಲ್ಡಿಂಗ್ ಅಂಗಡಿಯವರು. ಮನೆಯವರಿಗೆ ಭಯ. ಯಾವುದನ್ನು ಕೊಳ್ಳಲಿ? ತೋಟದ ಮಾವು, ಬದುವಿನ ನೀಲಗಿರಿ ಸೌದೆ ಆಗುತ್ತದೆಯೇ? ಇನ್ನೊಂದು ವಿಷಯ: ಸ್ನೇಹಿತರ ಡ್ರಮ್ಮಿನಲ್ಲಿ ಬೇಯಿಸಿದ ಕೋಳಿ ಕಹಿಯಾಗಿ, ತಿಂದ ಮೇಲೆ ನಾಲಿಗೆ ಜೋಮು ಹಿಡಿದಂತಾಗಿತ್ತು. ಅದು ಡ್ರಮ್ಮಿನ ವಿಷವೇ?

ಉತ್ತರ: ಮನೆಯವರ ಭಯದಲ್ಲಿ ಅರ್ಥವಿದೆ. ನೀವು ನೋಡಿಟ್ಟ ಮೂರರಲ್ಲಿ ಮೊದಲ ಎರಡನ್ನು ಇವತ್ತೇ ಬಿಟ್ಟುಬಿಡಿ. ಮೂರನೆಯದು ಆಗಬಹುದು. ಆದರೆ ಮೊದಲ ಸಲ ಮಾಡುವವರಿಗೆ ಅದಕ್ಕಿಂತ ಸುಲಭವಾದ ನಾಲ್ಕನೆಯ ವಸ್ತುವೊಂದು ನಿಮ್ಮ ಸುತ್ತಮುತ್ತಲೇ ಸಿಗುತ್ತದೆ. ಕೋಳಿ ಕಹಿಯಾದದ್ದರಲ್ಲಿ ಡ್ರಮ್ಮಿನ ತಪ್ಪು ಬಹುಶಃ ಇಲ್ಲ, ಅದು ಬೆಂಕಿಯ ತಪ್ಪು. ಒಂದೊಂದಾಗಿ ನೋಡೋಣ.

ಸ್ಮೋಕರ್ ಅಂದಕೂಡಲೇ ಎಲ್ಲರೂ ತಗಡಿನ ದಪ್ಪ, ಚಿಮಣಿಯ ಎತ್ತರ, ವೆಲ್ಡಿಂಗ್ ಖರ್ಚು ಅಂತ ಲೆಕ್ಕ ಹಾಕಲು ಕೂರುತ್ತಾರೆ. ಸಂನ್ಯಾಸಿಯ ಪೂರ್ವಾಶ್ರಮ ಕೇಳಬಾರದು ಅನ್ನುತ್ತಾರೆ. ಡ್ರಮ್ಮಿನದನ್ನು ಮಾತ್ರ ಕೇಳಲೇಬೇಕು. ಒಳಗೆ ಏನಿತ್ತು ಎಂದು ಹೇಳುವವರಿಲ್ಲದಿದ್ದರೆ, ಲೇಬಲ್ಲೂ ಇಲ್ಲದಿದ್ದರೆ, ಪುಕ್ಕಟೆ ಕೊಟ್ಟರೂ ಬೇಡ.

ಥಿನ್ನರ್ ವಾಸನೆಯ ಡ್ರಮ್ ತೊಳೆದರೆ ಏಕೆ ಸಾಲದು? ಡ್ರಮ್ಮಿನ ತಳ ಮತ್ತು ತಲೆಯ ತಗಡನ್ನು ಮೈಗೆ ಬೆಸುಗೆ ಹಾಕಿರುವುದಿಲ್ಲ, ಅಂಚನ್ನು ಮಡಿಚಿ ಒತ್ತಿರುತ್ತಾರೆ. ಆ ಮಡಿಕೆಯೊಳಗೆ ಹೊಕ್ಕ ದ್ರವವನ್ನು ಸೋಪಿನ ನೀರು ಮುಟ್ಟುವುದೇ ಇಲ್ಲ. ಗ್ರೈಂಡರ್ ಅಥವಾ ಗ್ಯಾಸ್ ಕಟರ್ ಇಟ್ಟಾಗ ಅಂಚು ಬಿಸಿಯಾಗಿ ಆ ದ್ರವ ಆವಿಯಾಗುತ್ತದೆ, ಮುಚ್ಚಿದ ಡ್ರಮ್ಮಿನ ಗಾಳಿಯೊಂದಿಗೆ ಬೆರೆಯುತ್ತದೆ, ಅದಕ್ಕೇ ಕಿಡಿ ತಾಗುತ್ತದೆ. ಇದಕ್ಕೆ ಲೀಟರುಗಟ್ಟಲೆ ಬೇಕಿಲ್ಲ, ಕೆಲವೇ ಚಮಚ ಸಾಕು. ತುಂಬಿದ ಡ್ರಮ್ಮಿಗಿಂತ ಖಾಲಿ ಡ್ರಮ್ಮೇ ಅಪಾಯ ಎಂದು ವೆಲ್ಡಿಂಗ್ ಕಲಿಸುವವರು ಹೇಳುವುದು ಇದೇ ಕಾರಣಕ್ಕೆ. "ಡೀಸೆಲ್ ಡ್ರಮ್ಮಾದರೆ ಸಿಡಿಯಲ್ಲ" ಎಂಬ ಮಾತನ್ನೂ ನಂಬಬೇಡಿ. ತಣ್ಣಗಿರುವಾಗ ಡೀಸೆಲ್ ಕಿಡಿಗೆ ಸುಲಭವಾಗಿ ಹತ್ತಿಕೊಳ್ಳುವುದಿಲ್ಲ, ನಿಜ. ಕಟಿಂಗ್ ಶಾಖ ಬಿದ್ದ ಜಾಗದಲ್ಲಿ ಅದು ತಣ್ಣಗೆ ಉಳಿದಿರುವುದಿಲ್ಲ.

ವೃತ್ತಿಯವರು ಇಂಥ ಪಾತ್ರೆ ಕತ್ತರಿಸಲೇಬೇಕಾದರೆ ಕತ್ತರಿಸುವ ಗೆರೆಯ ಸ್ವಲ್ಪ ಕೆಳಗಿನವರೆಗೆ ನೀರು ತುಂಬಿ, ಬಿರಡೆ ತೆರೆದಿಟ್ಟು, ಆವಿ ನಿಲ್ಲಲು ಜಾಗವೇ ಇಲ್ಲದಂತೆ ಮಾಡುತ್ತಾರೆ. ನಿಮ್ಮ ಡ್ರಮ್ಮಿಗೆ ಅಷ್ಟು ಪಾಡೂ ಬೇಡ. ಸಿಡಿಯದೆ ಕತ್ತರಿಸಿದರೂ ಅದು ಅಡುಗೆಗೆ ಬಾರದು. ಥಿನ್ನರ್, ಪೇಂಟ್, ಕೀಟನಾಶಕ, ಫಿನಾಯಿಲ್, ಅಂಟು, ಕ್ಲೀನಿಂಗ್ ದ್ರಾವಣ ಇದ್ದ ಯಾವ ಡ್ರಮ್ಮೂ ಬಾರದು. ಕ್ಲೋರಿನ್ ಇರುವ ಕೆಲವು ದ್ರಾವಣಗಳು ಕಾದರೆ ವಿಷಾನಿಲವನ್ನೇ ಕೊಡುತ್ತವೆ.

ಗ್ಯಾಸ್ ಸಿಲಿಂಡರಿನ ವಿಷಯ ಬೇಗ ಮುಗಿಯುತ್ತದೆ. ಅದು ಗುಜರಿಯವರದೂ ಅಲ್ಲ, ನಿಮ್ಮದೂ ಅಲ್ಲ, ತೈಲ ಕಂಪನಿಯ ಸ್ವತ್ತು. ಗ್ರಾಹಕರು ಕೊಡುವುದು ಠೇವಣಿ ಮಾತ್ರ. ಅದನ್ನು ಕೊಂಡು ಕತ್ತರಿಸಿದರೆ ಕಾನೂನಿನ ತೊಡಕು. "ವಾಲ್ವ್ ಬಿಚ್ಚಿ ವಾರ ಬಿಟ್ಟಿದ್ದೇವೆ" ಅಂದರೂ ಒಪ್ಪಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ನಿಲ್ಲಿಸಿಟ್ಟ ಸಿಲಿಂಡರಿನ ತಳದಲ್ಲಿ ಸುಮ್ಮನೆ ಕೂತಿರುತ್ತದೆ. ಗಾಳಿಯಲ್ಲಿ ನೂರಕ್ಕೆ ಸುಮಾರು 2ರಿಂದ 9 ಭಾಗ ಬೆರೆತರೆ ಸಿಡಿಯುತ್ತದೆ. ವಾಸನೆ ನೋಡಿ ತೀರ್ಮಾನಿಸುವುದೂ ತಪ್ಪು. ಮೂಗಿಗೆ ಬಡಿಯುವುದು ಸೋರಿಕೆ ತಿಳಿಯಲೆಂದು ಬೆರೆಸಿದ ಮರ್‌ಕ್ಯಾಪ್ಟಾನ್. ಅನಿಲ ಹೋದ ಮೇಲೂ ಅದು ಲೋಹದಲ್ಲಿ ಉಳಿಯಬಹುದು. ಇತ್ತ ಬಹಳ ಹೊತ್ತು ಮೂಸಿದ ಮೂಗಿಗೆ ಅನಿಲವಿದ್ದರೂ ವಾಸನೆ ಹತ್ತದೆ ಹೋಗಬಹುದು.

ಈಗ ಆ ನಾಲ್ಕನೆಯದು. ಶ್ರೀನಿವಾಸಪುರ, ಚಿಂತಾಮಣಿ ಕಡೆಯ ಮಾವು ತಿರುಳು ಕಾರ್ಖಾನೆಗಳಿಗೆ ಹೋಗುವುದು ನಿಮಗೆ ಗೊತ್ತೇ ಇದೆ. ಆ ತಿರುಳನ್ನು ದೊಡ್ಡ ಚೀಲಕ್ಕೆ ತುಂಬಿ, ಚೀಲವನ್ನು ಬಾಯಿ ತೆರೆದ ಕಬ್ಬಿಣದ ಡ್ರಮ್ಮಿನಲ್ಲಿಟ್ಟು ಸಾಗಿಸುತ್ತಾರೆ. ತಿರುಳು ತಗಡಿಗೆ ತಾಗುವುದೇ ಇಲ್ಲ. ಪೂರ್ತಿ ತೆಗೆಯಬಲ್ಲ ಮುಚ್ಚಳ, ಬಿಗಿಯುವ ರಿಂಗು ಜೊತೆಗೇ ಬರುತ್ತವೆ, ಆದ್ದರಿಂದ ಕತ್ತರಿಸುವ ಕೆಲಸವೇ ಇಲ್ಲ. ಡ್ರಿಲ್ ಸಾಕು, ವೆಲ್ಡಿಂಗ್ ತೀರಾ ಕಡಿಮೆ. ಅಡುಗೆ ಎಣ್ಣೆ ತುಂಬಿದ್ದ ಬಾಯಿ ತೆರೆದ ಡ್ರಮ್ಮೂ ಆದೀತು. ಆದರೆ ಕಾರ್ಖಾನೆ ಬಿಟ್ಟ ಮೇಲೆ ಡ್ರಮ್ ಇನ್ನೊಬ್ಬರ ಕೈ ಸೇರಿ ಅವರು ಅದರಲ್ಲಿ ಔಷಧಿ ಕಲಸಿರಬಹುದು. ನೇರ ಕಾರ್ಖಾನೆಯಿಂದ ಬಂದದ್ದನ್ನೇ ಹುಡುಕಿ.

ತಂದ ಮೇಲೆ ಒಳಮೈಯನ್ನು ಮೊಳೆಯಿಂದ ಗೀರಿ. ಬೂದು ಲೋಹ, ಅಲ್ಲಲ್ಲಿ ತುಕ್ಕು ಕಂಡರೆ ಬರಿಯ ತಗಡು, ಒಳ್ಳೆಯದು. ಕೆಂಪುಕಂದು ಅಥವಾ ಹೊಂಬಣ್ಣದ ನುಣುಪು ಪದರ ಎದ್ದು ಬಂದರೆ ಅದು ಎಪಾಕ್ಸಿ ಲೇಪನ. ಅದನ್ನು ಪೂರ್ತಿ ಸುಡದೆ ಅಡುಗೆ ಮಾಡುವಂತಿಲ್ಲ. ನಿಮ್ಮ ವೆಲ್ಡಿಂಗ್ ಅಂಗಡಿಯವರ ಮಾತಿನಲ್ಲಿ ಅರ್ಧ ಸತ್ಯ ಇರುವುದು ಇಲ್ಲೇ. ಸುಡುವುದು ಸರಿ, ಆದರೆ ಬಾಯಿ ತೆರೆದ, ಹಿಂದೆ ಏನಿತ್ತೆಂದು ಗೊತ್ತಿರುವ ಡ್ರಮ್ಮನ್ನು ಮಾತ್ರ. "ಒಂದು ಸಲ" ಅನ್ನುವ ಲೆಕ್ಕವೂ ಇಲ್ಲ, ಲೇಪನ ಹೋಗುವವರೆಗೆ ಸುಡಬೇಕು.

ಸುಡುವ ಮೊದಲು ಮುಚ್ಚಳದ ಅಂಚಿನ ರಬ್ಬರ್ ಗ್ಯಾಸ್ಕೆಟ್ ಕಿತ್ತುಹಾಕಿ. ಬಹಳ ಜನ ಮರೆಯುವುದು ಇದನ್ನೇ. ಗಾಳಿ ತೂತುಗಳನ್ನು ಮೊದಲೇ ಕೊರೆದಿದ್ದರೆ ಬೆಂಕಿ ಚೆನ್ನಾಗಿ ಏಳುತ್ತದೆ. ಒಣಸೌದೆ ತುಂಬಿ ಎರಡು ಗಂಟೆಯಾದರೂ ಜೋರಾಗಿ ಉರಿಸಿ, ತಗಡು ಕತ್ತಲಲ್ಲಿ ಮಂಕುಗೆಂಪಾಗಿ ಕಾಣುವಷ್ಟು. ಅದಕ್ಕಿಂತ ಹೆಚ್ಚು ಕಾದರೆ ತೆಳು ತಗಡು ಸೊಟ್ಟಗಾಗಿ ಮುಚ್ಚಳ ಕೂರುವುದಿಲ್ಲ. ಮನೆ, ದನದ ಕೊಟ್ಟಿಗೆ, ಹುಲ್ಲಿನ ಬಣವೆಯಿಂದ ದೂರ ಇಟ್ಟು, ಗಾಳಿ ಬರುವ ದಿಕ್ಕಿನಲ್ಲಿ ನೀವು ನಿಲ್ಲಿ. ಆರಿದ ಮೇಲೆ ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಒಳಗೆಲ್ಲ ಉಜ್ಜಿ. ಕನ್ನಡಕ, ಧೂಳಿನ ಮಾಸ್ಕ್ ಕಡ್ಡಾಯ. ತಳದ ಮೂಲೆಯಲ್ಲಿ ಬಣ್ಣ ಉಳಿದಿದ್ದರೆ ಡ್ರಮ್ಮನ್ನು ತಲೆಕೆಳಗು ಮಾಡಿ ಇನ್ನೊಂದು ಸಲ ಸುಡಿ. ಹೊರಗಿನ ಹಳೆ ಬಣ್ಣದಲ್ಲಿ ಸೀಸ ಇರಬಹುದು, ಆ ಧೂಳನ್ನು ಅಂಗಳದಲ್ಲಿ ಹಾರಿಸಬೇಡಿ.

ಜೋಡಣೆಯ ಅಳತೆಗಳು

ಸಾಮಾನ್ಯ ಡ್ರಮ್ ಸುಮಾರು 57 ಸೆಂ.ಮೀ ಅಗಲ, 88 ಸೆಂ.ಮೀ ಎತ್ತರ, ಒಂದು ಮಿ.ಮೀ ಆಸುಪಾಸಿನ ತಗಡು. ತಳದಿಂದ 5 ಸೆಂ.ಮೀ ಮೇಲೆ, ನಾಲ್ಕು ದಿಕ್ಕಿಗೆ ನಾಲ್ಕು ತೂತು. ಪ್ರತಿಯೊಂದಕ್ಕೂ ಮುಕ್ಕಾಲು ಇಂಚಿನ ಪೈಪ್ ನಿಪ್ಪಲ್ (ಎರಡೂ ತುದಿಗೆ ಎಳೆ ಇರುವ ಪೈಪ್ ತುಂಡು), ಒಳಗೂ ಹೊರಗೂ ಚೆಕ್ ನಟ್. ಒಂದಕ್ಕೆ ಬಾಲ್ ವಾಲ್ವ್, ಮೂರಕ್ಕೆ ಕ್ಯಾಪ್. ವಾಲ್ವಿನೊಳಗಿನ ಟೆಫ್ಲಾನ್ ಸೀಟು ಹೆಚ್ಚು ಶಾಖ ತಡೆಯದು, ಆ ನಿಪ್ಪಲ್ ಮಾತ್ರ 15 ಸೆಂ.ಮೀ ಉದ್ದವಿರಲಿ. ಎಳೆಗಳಿಗೆ ಟೆಫ್ಲಾನ್ ಟೇಪನ್ನೂ ಸುತ್ತಬೇಡಿ. ಇಲ್ಲಿ ನೀರು ಸೋರುವುದಿಲ್ಲ, ಚೂರು ಗಾಳಿ ಸೋರಿದರೆ ನಷ್ಟವಿಲ್ಲ.

ಇದ್ದಿಲಿನ ಬುಟ್ಟಿ ಎಕ್ಸ್‌ಪ್ಯಾಂಡೆಡ್ ಜಾಲರಿಯದು, 40 ಸೆಂ.ಮೀ ಅಗಲ, 20ರಿಂದ 25 ಸೆಂ.ಮೀ ಎತ್ತರ, 8 ಸೆಂ.ಮೀ ಕಾಲು, ಕೆಳಗೊಂದು ಬೂದಿ ತಟ್ಟೆ. ಕಾಲು ಕಡಿಮೆಯಾದರೆ ಮೂರು ಗಂಟೆಯಲ್ಲಿ ಬೂದಿ ಏರಿ ಗಾಳಿ ಕಟ್ಟಿ ಬೆಂಕಿ ಸಾಯುತ್ತದೆ. ಮಾಂಸ ಇಡುವ ಜಾಲಿ ಬಾಯಿಯಿಂದ 18 ಸೆಂ.ಮೀ ಕೆಳಗೆ, ನಾಲ್ಕು ಸ್ಟೀಲ್ ಬೋಲ್ಟುಗಳ ಮೇಲೆ ಕೂರಲಿ. ಆಗ ಬುಟ್ಟಿಯ ತಳದಿಂದ ಜಾಲಿಗೆ 60 ಸೆಂ.ಮೀಗೂ ಹೆಚ್ಚು ಅಂತರ ಸಿಗುತ್ತದೆ. ಅಷ್ಟು ದೂರವಿದ್ದರೆ ಮಾಂಸ ಕೆಂಡದ ಝಳಕ್ಕೆ ಸುಡುವುದಿಲ್ಲ, ಬಿಸಿಗಾಳಿಯಲ್ಲಿ ಬೇಯುತ್ತದೆ. ಮುಚ್ಚಳದಲ್ಲಿ ಎರಡಿಂಚಿನ ಒಂದು ತೂತು, ಇಲ್ಲವೇ ಅರ್ಧ ಇಂಚಿನ ಎಂಟು. ಬರುವ ಗಾಳಿಗೆ ಸಮನಾದ ದಾರಿ ಹೋಗುವ ಹೊಗೆಗೂ ಬೇಕು.

ಜಾಲಿಗೆ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) 304ರ 6 ಮಿ.ಮೀ ಸರಳು ತನ್ನಿ. ಅಂಗಡಿಯಲ್ಲಿ ಬರೀ "ಎಸ್‌ಎಸ್" ಅಂದರೆ 202 ಕೊಡುವುದುಂಟು, ಅದು ಬೇಗ ತುಕ್ಕು ಹಿಡಿಯುತ್ತದೆ. ಜಿಐ (ಸತು ಲೇಪಿಸಿದ ಕಬ್ಬಿಣದ) ಮೆಶ್, ಹಳೇ ಫ್ರಿಜ್ಜಿನ ತಟ್ಟೆ ಬೇಡವೇ ಬೇಡ. ಜಿಐ ಮೇಲಿನ ಸತು 420 ಡಿಗ್ರಿ ಹತ್ತಿರ ಕರಗುತ್ತದೆ. ಮಾಂಸವಿರುವ ಜಾಗ ಅಷ್ಟು ಕಾಯುವುದಿಲ್ಲ, ಕೆಂಡದ ಪಕ್ಕ ಕಾಯುತ್ತದೆ. ನಿಂಬೆ, ಮೊಸರು ಹಚ್ಚಿದ ಮಾಂಸದ ಹುಳಿಯಂತೂ ಸತುವನ್ನು ತಣ್ಣಗೇ ಕರಗಿಸುತ್ತದೆ. ಹಳೇ ಫ್ರಿಜ್ ತಟ್ಟೆಗಳ ಲೇಪನದಲ್ಲಿ ಕ್ಯಾಡ್ಮಿಯಂ ಇರುವ ಸಾಧ್ಯತೆಯೂ ಉಂಟು. ನಿಪ್ಪಲ್‌ಗಳೂ ಜಿಐ ಬದಲು ಕಪ್ಪು ಎಂಎಸ್ (ಸತು ಲೇಪನವಿಲ್ಲದ ಕಬ್ಬಿಣ) ಆಗಿರಲಿ. ಜಿಐಗೆ ವೆಲ್ಡಿಂಗ್ ಮಾಡಿದವರಿಗೆ ರಾತ್ರಿ ಚಳಿಜ್ವರ ಬರುವುದು ಆ ಸತುವಿನ ಹೊಗೆಯಿಂದಲೇ.

ಹೀಟ್ ರೆಸಿಸ್ಟೆಂಟ್ ಪೇಂಟ್ ಹೊರಗಡೆಗೆ ಮಾತ್ರ. ಒಳಗೆ ಕಡಲೆಕಾಯಿ ಎಣ್ಣೆ ತೆಳ್ಳಗೆ ಸವರಿ, ಮಾಂಸವಿಲ್ಲದೆ 150 ಡಿಗ್ರಿಗೂ ಮೇಲೆ ಎರಡು ಮೂರು ಗಂಟೆ ಉರಿಸಿ. ದೋಸೆ ಕಾವಲಿ ಪಳಗಿಸಿದಂತೆ ಕಪ್ಪು ಪದರ ಕೂತ ಮೇಲೆ ತುಕ್ಕು ಬೇಗ ಬರದು.

ಕಂಪ್ರೆಸರ್ ಟ್ಯಾಂಕು ಯಾರಿಗೆ?

ಅದರಲ್ಲಿ ಗಾಳಿ ಮಾತ್ರ ಇತ್ತು, ದಪ್ಪವೂ ಹಲವು ಪಟ್ಟು ಹೆಚ್ಚು. ದಪ್ಪ ಲೋಹ ಶಾಖ ಹಿಡಿದಿಟ್ಟುಕೊಳ್ಳುವುದರಿಂದ ಪಕ್ಕದಲ್ಲಿ ಸೌದೆ ಉರಿಸುವ ಪೆಟ್ಟಿಗೆಯಿರುವ ಅಡ್ಡ ಸ್ಮೋಕರಿಗೆ ಇದೇ ಸರಿ, ತೆಳು ಡ್ರಮ್ ಅಲ್ಲ. ಕತ್ತರಿಸುವ ಮೊದಲು ಡ್ರೈನ್ ಪ್ಲಗ್, ವಾಲ್ವ್, ಗೇಜ್ ಎಲ್ಲ ಬಿಚ್ಚಿ, ಒತ್ತಡ ಸೊನ್ನೆಯಾಗಿದೆ ಎಂದು ಕಣ್ಣಾರೆ ನೋಡಿ. ತಳದಲ್ಲಿ ನೀರು, ಕಂಪ್ರೆಸರ್ ಎಣ್ಣೆಯ ಜಿಡ್ಡು ನಿಂತಿರುತ್ತದೆ. ಆ ಎಣ್ಣೆಯೂ ಕಾದರೆ ಆವಿಯಾಗುವಂಥದ್ದೇ, ಆದ್ದರಿಂದ ಅದನ್ನು ಬಸಿದು ತೊಳೆದು, ಎಲ್ಲ ಬಾಯಿಗಳನ್ನೂ ತೆರೆದೇ ಇಟ್ಟು, ಮೇಲೆ ಹೇಳಿದಂತೆ ನೀರು ತುಂಬಿಸಿ ಮೊದಲ ಕಟ್ ಮಾಡಿಸಿ. ಬಾಗಿಲು ತೆರೆದ ಮೇಲೆ ಒಳಗೆ ಸುಡಿ.

ಟ್ಯಾಂಕಿನಲ್ಲಿ ಮಾಂಸ ಬೇಯುವ ಭಾಗ 200 ಲೀಟರ್ ಇದ್ದರೆ ಅಂದಾಜು ಲೆಕ್ಕ ಹೀಗೆ: ಸೌದೆ ಉರಿಸುವ ಪೆಟ್ಟಿಗೆ ಅದರ ಮೂರನೇ ಒಂದು ಭಾಗ, ಅಂದರೆ 65-70 ಲೀಟರ್, ಎರಡರ ನಡುವಿನ ಕಿಂಡಿ ಸುಮಾರು 300 ಚದರ ಸೆಂ.ಮೀ, ಗಾಳಿ ಕಿಂಡಿ 80 ಚದರ ಸೆಂ.ಮೀ, ನಾಲ್ಕಿಂಚಿನ ಚಿಮಣಿಯಾದರೆ 45 ಸೆಂ.ಮೀ ಎತ್ತರ. ಬೋರ್‌ವೆಲ್ ಕೇಸಿಂಗ್ ಪೈಪಿನ ತುಂಡು ನಮ್ಮ ಕಡೆ ಎಲ್ಲೆಂದರಲ್ಲಿ ಸಿಗುವುದರಿಂದ ಅದನ್ನೇ ಚಿಮಣಿಗೆ ನಿಲ್ಲಿಸುವ ಆಸೆ ಹಲವರಿಗೆ. ಅಷ್ಟು ಅಗಲವಾದರೆ ಶಾಖವೆಲ್ಲ ನೇರ ಆಕಾಶಕ್ಕೆ.

ಈ ಬಗೆಯದಕ್ಕೆ ಸೌದೆ ಜಾಸ್ತಿ ಬೇಕು, ಮುಕ್ಕಾಲು ಗಂಟೆಗೊಮ್ಮೆ ಎದ್ದು ಬೆಂಕಿ ನೋಡಿಕೊಳ್ಳಬೇಕು. ತೋಟದ ಬೇರೆ ಕೆಲಸ ಮಾಡುತ್ತಲೇ ಅಡುಗೆಯೂ ಆಗಲಿ ಅನ್ನುವವರಿಗೆ ನಿಲ್ಲಿಸಿದ ಡ್ರಮ್ಮೇ ವಾಸಿ. ನನ್ನ ಸಲಹೆ: ಒಂದು ವರ್ಷ ಡ್ರಮ್ಮಿನಲ್ಲಿ ಕೈ ಪಳಗಲಿ, ಆಮೇಲೂ ಬೇಕೆನಿಸಿದರೆ ಟ್ಯಾಂಕು ಕತ್ತರಿಸಿ.

ಕಹಿ ಎಲ್ಲಿಂದ ಬಂತು?

ನಾಲಿಗೆ ಜೋಮು ಹಿಡಿದದ್ದು ಒಳ್ಳೆಯ ಸುಳಿವು. ಅದು ಬಹುಮಟ್ಟಿಗೆ ಕ್ರಿಯೋಸೋಟ್, ಅರೆಬೆಂದ ಹೊಗೆಯ ಟಾರು. ಹೊಗೆ ಹೆಚ್ಚಿದಷ್ಟೂ ರುಚಿ ಹೆಚ್ಚು ಎಂದುಕೊಂಡು ಹಸಿ ಸೌದೆ ಹಾಕುವುದು, ಚಕ್ಕೆಗಳನ್ನು ನೀರಲ್ಲಿ ನೆನೆಸುವುದು, ಶಾಖ ಇಳಿಸಲು ಮೇಲಿನ ತೂತು ಮುಚ್ಚುವುದು, ಮೂರರ ಫಲವೂ ಒಂದೇ: ಶಾಖವೋ ಆಮ್ಲಜನಕವೋ ಸಾಲದೆ ಸೌದೆ ಉರಿಯದೆ ಕನಲುತ್ತದೆ, ದಟ್ಟ ಬಿಳಿ ಹೊಗೆ ಏಳುತ್ತದೆ, ಅದು ತಣ್ಣನೆ ಮಾಂಸದ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಸ್ನೇಹಿತರ ಮುಚ್ಚಳದ ಒಳಭಾಗ ನೋಡಿ. ಕಪ್ಪಗೆ ಅಂಟಂಟು ಹನಿಗಳಿದ್ದರೆ ಅನುಮಾನವೇ ಬೇಡ. ಸರಿಯಾದ ಹೊಗೆ ಕಂಡೂ ಕಾಣದಷ್ಟು ತೆಳು, ನಸುನೀಲಿ. ಮೇಲಿನ ತೂತನ್ನು ಅಡುಗೆ ಮುಗಿಯುವವರೆಗೆ ಮುಚ್ಚಬೇಡಿ. ಹಿಡಿತವೆಲ್ಲ ಕೆಳಗಿನ ವಾಲ್ವಿನಲ್ಲೇ ಇರಲಿ.

ಶಾಖಕ್ಕೆ ಇದ್ದಿಲು, ಪರಿಮಳಕ್ಕೆ ಸೌದೆ ಎಂದು ಇಟ್ಟುಕೊಳ್ಳಿ. ಜಾಲಿ ಮರದ ಅಥವಾ ಹುಣಸೆಯ ಇದ್ದಿಲು 4 ಕೆ.ಜಿ ಬುಟ್ಟಿಗೆ ತುಂಬಿ, ನಡುವೆ ಮುಷ್ಟಿಗಾತ್ರದ ನಾಲ್ಕೈದು ಒಣತುಂಡು ಹುದುಗಿಸಿ, ಬೇರೆಡೆ ಕೆಂಡ ಮಾಡಿಕೊಂಡ ಹತ್ತು ಹದಿನೈದು ಇದ್ದಿಲನ್ನು ಮೇಲೆ ಸುರಿಯಿರಿ. ಸೀಮೆಎಣ್ಣೆ ತೋರಿಸಲೂಬೇಡಿ. 95 ಡಿಗ್ರಿ ಮುಟ್ಟುವವರೆಗೆ ಕೆಳಗಿನ ನಾಲ್ಕೂ ಗಾಳಿ ದಾರಿ ತೆರೆದಿರಲಿ, ಆಮೇಲೆ ಒಂದೊಂದೇ ಕ್ಯಾಪ್ ಹಾಕುತ್ತ 110-120ಕ್ಕೆ ನಿಲ್ಲಿಸಿ. 150 ದಾಟಿದ ಡ್ರಮ್ಮನ್ನು ಕೆಳಗಿಳಿಸುವುದು ಅರ್ಧ ದಿನದ ಗೋಳು, ಹಾಗಾಗಿ ಮೊದಲೇ ಬಿಗಿ ಹಿಡಿಯಬೇಕು. ಕೊಬ್ಬಿಗೆ ಬೆಂಕಿ ಹತ್ತಿದರೆ ಮುಚ್ಚಳ ಹಾಕಿ ಎಲ್ಲ ದಾರಿ ಮುಚ್ಚಿ, ನೀರು ಸುರಿಯಬೇಡಿ. ಆಷಾಢದ ಗಾಳಿಯಲ್ಲಿ ವಾಲ್ವ್ ಮುಟ್ಟದಿದ್ದರೂ ಶಾಖ ಏರುತ್ತದೆ. ವಾಲ್ವ್ ಇರುವ ಬದಿಯನ್ನು ಗಾಳಿಗೆ ಬೆನ್ನು ಮಾಡಿ ನಿಲ್ಲಿಸಿ.

ಸೌದೆಗೆ ನಿಮ್ಮ ಸೀಮೆಯಲ್ಲಿ ನನ್ನ ಮೊದಲ ಆಯ್ಕೆ ಹಿಪ್ಪುನೇರಳೆ. ಶಿಡ್ಲಘಟ್ಟ ಕಡೆ ಹಳೆ ತೋಟ ಕಿತ್ತಾಗ ಹೆಬ್ಬೆರಳಿಗಿಂತ ದಪ್ಪನೆಯ ಬೊಡ್ಡೆಗಳು ರಾಶಿ ಬೀಳುತ್ತವೆ. ಹೊಗೆ ಮೃದು, ಸ್ವಲ್ಪ ಸಿಹಿ, ಕೋಳಿಗೆ ಹೇಳಿ ಮಾಡಿಸಿದ್ದು. ಸೀಬೆಯೂ ಚೆನ್ನ. ಮಾವು ಆಗುತ್ತದೆ, ಆದರೆ ಸೊನೆಯ ಖಾರ ನಿಮಗೆ ಗೊತ್ತಲ್ಲ: ತೊಗಟೆ ಸುಲಿದು, ಸೀಳಿ, ವರ್ಷ ಒಣಗಿಸಿ. ತೊಗಟೆ ಸುಲಿಯಲು ಇನ್ನೊಂದು ಕಾರಣ, ಹೂ ಬಿಡುವ ಕಾಲಕ್ಕೆ ಹೊಡೆದ ಔಷಧಿ. ನೀಲಗಿರಿ ಬೇಡ, ಅದರ ಎಣ್ಣೆ ಮಾಂಸಕ್ಕೆ ನೆಗಡಿ ಮುಲಾಮಿನ ವಾಸನೆ ತರುತ್ತದೆ. ಬೇವು, ಹೊಂಗೆ, ಲಂಟಾನ, ಕಣಗಿಲೆ, ಪ್ಲೈವುಡ್, ಪ್ಯಾಕಿಂಗ್ ಪೆಟ್ಟಿಗೆ ಹಲಗೆ ಒಂದೂ ಬೇಡ, ಕಣಗಿಲೆಯಂತೂ ವಿಷ. ತುಮಕೂರು ಕಡೆಯವರು ತೆಂಗಿನ ಚಿಪ್ಪು ಕೇಳುತ್ತಾರೆ. ಇದ್ದಿಲು ಮಾಡಿದ ಚಿಪ್ಪು ಒಳ್ಳೆಯ ಕೆಂಡ ಕೊಡುತ್ತದೆ, ಹಸಿ ಚಿಪ್ಪಿನ ಹೊಗೆಯಲ್ಲಿ ಟಾರು ಹೆಚ್ಚು.

ಥರ್ಮಾಮೀಟರ್ ಮುಚ್ಚಳದಲ್ಲಿ ಇಟ್ಟರೆ ಜಾಲಿಯ ಮಟ್ಟದ ಶಾಖಕ್ಕೂ ಅದಕ್ಕೂ ಹತ್ತಿಪ್ಪತ್ತು ಡಿಗ್ರಿ ವ್ಯತ್ಯಾಸ ಬರಬಹುದು. ಮೈಗೆ ತೂತು ಕೊರೆದು ಜಾಲಿಯ ಪಕ್ಕದಲ್ಲೇ ಹಾಕಿಸಿ. ಕುದಿಯುವ ನೀರಿನಲ್ಲಿ ಅದ್ದಿ ಪರೀಕ್ಷಿಸುವಾಗ 100 ತೋರಿಸಲಿಲ್ಲ ಎಂದು ಅಂಗಡಿಗೆ ಹಿಂದಿರುಗಿಸಬೇಡಿ. ಕೋಲಾರ, ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲೆ, ಚಿಕ್ಕಬಳ್ಳಾಪುರ 900ಕ್ಕೂ ಮೇಲೆ. ಇಲ್ಲಿ ನೀರು ಕುದಿಯುವುದೇ 97ರ ಸುಮಾರಿಗೆ.

ಮಾಂಸದೊಳಗೆ ಚುಚ್ಚುವ ಥರ್ಮಾಮೀಟರ್ ಬೇರೆಯೇ ಬೇಕು. ಹೊಗೆಯಲ್ಲಿ ಬೆಂದ ಕೋಳಿ ಮೂಳೆಯ ಹತ್ತಿರ ಬೆಂದ ಮೇಲೂ ಗುಲಾಬಿಯಾಗಿ ಕಾಣಬಹುದು, ಬೇಯದೆಯೂ ಕಂದಾಗಿ ಕಾಣಬಹುದು, ಬಣ್ಣ ನಂಬುವಂತಿಲ್ಲ. ತೊಡೆಯ ದಪ್ಪ ಜಾಗದಲ್ಲಿ, ಮೂಳೆಗೆ ತಾಗದಂತೆ ಚುಚ್ಚಿ 74 ಡಿಗ್ರಿ ನೋಡಿ. ಕುರಿಯ ಮುಂಗಾಲು ಬಿಡಿಸಿಕೊಳ್ಳುವಷ್ಟು ಮೆತ್ತಗಾಗಲು 90-95 ಬೇಕು. ನಡುವೆ 70ರ ಹತ್ತಿರ ಮುಳ್ಳು ಗಂಟೆಗಟ್ಟಲೆ ಅಲ್ಲಾಡುವುದಿಲ್ಲ, ಮಾಂಸ ಬೆವರಿ ತಣ್ಣಗಾಗುವುದರಿಂದ. ಗಾಬರಿಯಾಗಿ ಬೆಂಕಿ ಏರಿಸಬೇಡಿ. ಬಾಳೆ ಎಲೆಯಲ್ಲಿ ಸುತ್ತಿ ಮೇಲೆ ಫಾಯಿಲ್ ಬಿಗಿದರೆ ಮುಂದೆ ಹೋಗುತ್ತದೆ. ನಮ್ಮ ಕಡೆಯ ಕುರಿಯಲ್ಲಿ ಕೊಬ್ಬು ಕಡಿಮೆ, ಸುತ್ತದಿದ್ದರೆ ಒಣಗುತ್ತದೆ. ಫ್ರಿಜ್ಜಿನಿಂದ ತೆಗೆದ ಮಾಂಸ ನಾಲ್ಕು ಗಂಟೆಯೊಳಗೆ 60 ಡಿಗ್ರಿ ದಾಟಬೇಕು, ಆದ್ದರಿಂದ ತೀರಾ ದೊಡ್ಡ ತುಂಡು, ತೀರಾ ಸಣ್ಣ ಬೆಂಕಿ ಎರಡೂ ಒಟ್ಟಿಗೆ ಬೇಡ.

ಮನೆಯವರಿಗೆ ಇನ್ನೊಂದು ಮಾತು ಹೇಳಿ, ಇದು ಡ್ರಮ್ ಸಿಡಿಯುವುದಕ್ಕಿಂತ ಹೆಚ್ಚು ಸಲ ಆಗುವಂಥದ್ದು. ಮಳೆ ಬಂತೆಂದು ಉರಿಯುವ ಡ್ರಮ್ಮನ್ನು ಶೀಟಿನ ಶೆಡ್ಡಿಗೋ ಪಂಪ್‌ಹೌಸಿಗೋ ತಳ್ಳಬಾರದು. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ತಲೆನೋವು, ವಾಕರಿಕೆ, ನಿದ್ದೆ, ಆಮೇಲೆ ಎಚ್ಚರವೇ ಇಲ್ಲ. ಎಲ್ಲ ದಾರಿ ಮುಚ್ಚಿ ಆರಿಸಿದ ಮೇಲೂ ಒಳಗಿನ ಕೆಂಡ ಹಲವು ಗಂಟೆ ಅದನ್ನು ಬಿಡುತ್ತಲೇ ಇರುತ್ತದೆ. ಮರುದಿನ ಬೆಳಿಗ್ಗೆ ಕೈಗೆ ತಣ್ಣಗಾದ ಮೇಲೆ ಒಳಗಿಡಿ. ಮಳೆಗೆ ನಾಲ್ಕು ಕಂಬದ, ಗೋಡೆಯಿಲ್ಲದ ಚಪ್ಪರ ಸಾಕು, ಗರಿ ಹೊದಿಸಿದ್ದು ಮಾತ್ರ ಬೇಡ.

ಬೂದಿಯನ್ನು ಪ್ರತಿ ಸಲ ತೆಗೆಯಿರಿ. ಬೂದಿಗೆ ತೇವ ಸೇರಿದರೆ ತಳಕ್ಕೆ ತುಕ್ಕು ಹಿಡಿಸುತ್ತದೆ, ಡ್ರಮ್ ಮೊದಲು ತೂತಾಗುವುದು ಅಲ್ಲೇ. ತಳ ತೂತಾದ ದಿನ ತೇಪೆ ಹಾಕಿಸಲು ಹೋಗಬೇಡಿ. ಗಾಳಿ ಹಿಡಿತಕ್ಕೆ ಸಿಗದೆ ಶಾಖ ಏರುತ್ತಲೇ ಹೋಗುತ್ತದೆ, ತುಕ್ಕು ಹಿಡಿದ ತೆಳು ತಗಡಿಗೆ ವೆಲ್ಡಿಂಗೂ ನಿಲ್ಲದು. ವಾಲ್ವ್, ಬುಟ್ಟಿ, ಜಾಲಿ, ಥರ್ಮಾಮೀಟರ್ ಬಿಚ್ಚಿಟ್ಟುಕೊಂಡು ಡ್ರಮ್ಮನ್ನು ಗುಜರಿಗೆ ಹಾಕಿ, ಮುಂದಿನ ಮಾವಿನ ಸುಗ್ಗಿಯಲ್ಲಿ ಇನ್ನೊಂದು ತನ್ನಿ.